ನರ್ಸ್ ತಡವಾಗಿ ಬಂದಳು

ಅನೊಮಾಬೊ
3 ಫೆಬ್ರವರಿ 1986

ಎಬೊ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಓದು.

ನಿನ್ನ 'ಹೊಗೆಯ ಮನೆ' ಕಾದಂಬರಿ ಬರುವ ಅಕ್ಟೋಬರಿನಿಂದ ನಾಲ್ಕನೆಯ ಫಾರಂ ತರಗತಿಯ ಹುಡುಗಿಯರಿಗೆ ಪಠ್ಯವಂತೆ. ಪಟ್ಟಿ ಬಂದಿದೆ. ನಮ್ಮ ಶಾಲೆಯಲ್ಲಿ ಸಾಹಿತ್ಯ ಕಲಿಸುವವಳು ನಾನೊಬ್ಬಳೇ. ಅಂದರೆ ನಲವತ್ತೆರಡು ಹುಡುಗಿಯರ ಮುಂದೆ ನಿಂತು ಹನ್ನೊಂದನೆಯ ಅಧ್ಯಾಯವನ್ನು ನಾನೇ ಓದಬೇಕು, ನಾನೇ ಅರ್ಥ ಹೇಳಬೇಕು, ಪರೀಕ್ಷೆಗೆ ಪ್ರಶ್ನೆಯನ್ನೂ ನಾನೇ ಕೊಡಬೇಕು.

ಪುಸ್ತಕ ಬಂದು ಮೂರು ವರ್ಷವಾಯಿತು. ಮೂರು ವರ್ಷವೂ ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ಊರಿನಲ್ಲಿ ಅದನ್ನು ಓದಿದವರು ಪಾದ್ರಿಗಳು, ಅಂಚೆ ಮಾಸ್ತರರು, ಇನ್ನೊಂದು ನಾಲ್ಕು ಜನ. ಅವರು ನನ್ನ ಮುಖ ಕಂಡಾಗ ಬೇರೆ ಕಡೆ ನೋಡಿದರು, ನಾನೂ ನೋಡದವಳ ಹಾಗೆ ದಾಟಿಕೊಂಡೆ. ಇನ್ನು ಅದು ಮನೆಮನೆಗೆ ಹೋಗುತ್ತದೆ. ಈ ಹುಡುಗಿಯರ ತಾಯಂದಿರು ದಿನಾ ನನಗೆ ಮೀನು ಕೊಡುವವರು.

ಅಧ್ಯಾಯದ ಕೊನೆಯ ಸಾಲುಗಳನ್ನು ನೀನು ಮರೆತಿದ್ದರೆ ನಾನೇ ಬರೆದು ಕಳಿಸುತ್ತೇನೆ:

"ಐದನೆಯ ದಿನವೇ ತಾಯಿ ಮಗುವನ್ನು ಎಸಾಬಾ ಎಂದು ಕರೆದಳು. ಹೆಸರಿಡುವ ಎಂಟನೆಯ ದಿನ ಇನ್ನೂ ಬಂದಿರಲಿಲ್ಲ. ಏಳನೆಯ ದಿನ ಮಗುವಿಗೆ ಜ್ವರ ಬಂತು. ನರ್ಸ್ ತಡವಾಗಿ ಬಂದಳು. ಮಗು ಹೋಗಿತ್ತು."

ಐದು ವಾಕ್ಯ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ ಎಂದು ಯಾವನೋ ಪತ್ರಿಕೆಯಲ್ಲಿ ಹೊಗಳಿದ್ದನ್ನು ನೀನೇ ಕತ್ತರಿಸಿ ನನಗೆ ಕಳಿಸಿದ್ದೆ. ನನಗೆ ಕಳಿಸಿದ್ದೆ, ಎಬೊ. ನಿನಗೆ ನಾಚಿಕೆಯಾಗಲಿಲ್ಲ.

ದಿನಕ್ಕೆ ಮೊದಲು ಹೆಸರು ಕರೆದರೆ ಮಗು ಉಳಿಯುವುದಿಲ್ಲ ಎಂದು ನಂಬುವ ಊರು ನಮ್ಮದು, ನಿನಗೆ ಗೊತ್ತು. ಆ ಹೆಸರನ್ನು ನಾನು ಹೇಳಿದ್ದು ನಿನ್ನೊಬ್ಬನಿಗೆ. ಕ್ವಾಮೆನಾ ನನ್ನ ಗಂಡ, ಮಗುವಿನ ತಂದೆ. ಅವನು ಸಾಯುವವರೆಗೂ ಅವನಿಗೆ ಹೇಳಲಿಲ್ಲ. ಹೆತ್ತ ಅಮ್ಮನಿಗೂ ಹೇಳಲಿಲ್ಲ. ನೀನು ಅದನ್ನು ಅಂಗಡಿಯಲ್ಲಿ ಮಾರಾಟಕ್ಕಿಟ್ಟೆ.

ಶಾಲೆಯ ಮುದ್ರಣಕ್ಕೆ ಆ ಅಧ್ಯಾಯ ಹೋಗಕೂಡದು. ತೆಗೆಸು.

ನಿನ್ನ ಅಕ್ಕ
ಎಕುವಾ ಬೆಂಟ್ಸಿವಾ

*

ಆಕ್ರಾ
20 ಫೆಬ್ರವರಿ 1986

ಪ್ರೀತಿಯ ಅಕ್ಕ,

ಕೋಪ ಬಂದಾಗ ನೀನು ನನಗಿಂತ ಚೆನ್ನಾಗಿ ಬರೆಯುತ್ತೀಯ. ಇದು ತಮಾಷೆಯಲ್ಲ.

ಆದರೆ ಅದು ಕಾದಂಬರಿ. ಆ ತಾಯಿ ನೀನಲ್ಲ. ಅವಳ ಗಂಡ ಬಡಗಿ, ನಮ್ಮ ಭಾವ ಲಾರಿ ಓಡಿಸುತ್ತಿದ್ದರು. ಅವಳಿಗೆ ಓದು ಬಾರದು, ನೀನು ಊರಿಗೆಲ್ಲ ಓದು ಕಲಿಸಿದವಳು. ಓದುವ ಹುಡುಗಿಯರಿಗೆ ಇಷ್ಟು ಗೊತ್ತಾಗುವುದಿಲ್ಲವೇ?

ಹೆಸರಿನ ವಿಷಯ. ಆ ಮಗುವಿಗಾಗಿ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅಳಲು ಬಿಡಲಿಲ್ಲ. ನಾನು ಅವಳಿಗೆ ಒಂದು ಪುಟವನ್ನಾದರೂ ಕೊಟ್ಟೆ. ಅದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ಕಳೆದ ವಾರ ವಿಶ್ವವಿದ್ಯಾಲಯದಲ್ಲಿ ನನ್ನ ಸರಳ ಶೈಲಿಯ ಬಗ್ಗೆ ಇಡೀ ದಿನ ಮಾತಾಡಿದರು. ಕೊನೆಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಈ ಶೈಲಿ ನನ್ನದಲ್ಲ, ಮೀನು ಹೊಗೆ ಹಾಕುತ್ತಿದ್ದ ನನ್ನ ಅಮ್ಮನದು ಎಂದೆ. ಎದುರಿನ ಸಾಲಿನಲ್ಲಿ ಕಣ್ಣು ಒರೆಸಿಕೊಂಡವರಿದ್ದರು. ನೀನಿರಬೇಕಿತ್ತು.

ಮೊಣಕಾಲು ನೋವು ಹೇಗಿದೆ? ಔಷಧಿ ಕಳಿಸುತ್ತೇನೆ.

ನಿನ್ನ
ಎಬೊ

*

ಅನೊಮಾಬೊ
2 ಮಾರ್ಚ್ 1986

ಎಬೊ,

ಮೊಣಕಾಲಿನ ಸುದ್ದಿ ನಿನಗೆ ಬೇಡ. ಔಷಧಿ ಕಳಿಸಿದರೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತದೆ.

ಅಮ್ಮನ ವಿಷಯ ಹೇಳಿ ಸಭೆಯನ್ನು ಅಳಿಸಿದೆಯಂತೆ. ಪೂರ್ತಿ ಹೇಳಿದೆಯಾ? ನಾನೂ ಆ ಹೊಗೆಗೂಡಿನ ಪಕ್ಕದಲ್ಲೇ ಕೂತು ಮೀನು ಮಗುಚುತ್ತಿದ್ದೆ. ನೀನು ಶಾಲೆಯ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದು ತಂದು ನಮ್ಮ ಮಾತಿನಲ್ಲಿ ಓದುತ್ತಿದ್ದೆ. ಒಂದು ದಿನ, ಸಮುದ್ರವು ಮುದಿ ರಾಜನಂತೆ ಕೋಪದಿಂದ ಗರ್ಜಿಸಿತು ಎಂದು ಓದಿದೆ. ಅಮ್ಮ ಬೂತಾಯಿ ಮೀನು ತಿರುವಿ ಹಾಕುತ್ತಾ ಕೇಳಿದಳು: "ಸಮುದ್ರಕ್ಕೆ ಕೋಪ ಬಂತು ಅಂತ ನಿಂಗ್ಯಾರೋ ಹೇಳಿದ್ದು? ಅದೇ ಬಂದು ಹೇಳ್ತಾ? ಅಲೆ ಎಷ್ಟೆತ್ತರ ಇತ್ತು, ಅದು ಹೇಳು. ದೋಣಿ ವಾಪಸ್ ಬಂತಾ ಇಲ್ವಾ, ಅದು ಹೇಳು. ನಾಳೆ ನಾನು ಮಾರ್ಕೆಟ್‌ನಲ್ಲಿ ಹೇಳ್ಬೇಕು."

ನೀನು ಮುಖ ಊದಿಸಿಕೊಂಡು ಹೋಗಿ ತಿದ್ದಿ ತಂದೆ. ಇದನ್ನು ಸಭೆಯಲ್ಲಿ ಹೇಳಿರುತ್ತೀಯ, ಸಂತೋಷ. ಆದರೆ ಅಮ್ಮ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು. ಬಲೆ ಹರಿಯಿತು ಎಂದು ನೀನು ಓದಿದರೆ, "ಬಲೆ ತಾನೇ ತಾನಾಗಿ ಹರೀತದಾ? ಯಾರು ಹರಿದ್ರು?" ಎನ್ನುವಳು. ಯಾರು ಎಂದು ಹೇಳುವವರೆಗೆ ಮುಂದೆ ಓದಲು ಬಿಡುತ್ತಿರಲಿಲ್ಲ. ಅದನ್ನು ನಿನ್ನ ಪಂಡಿತರಿಗೆ ಹೇಳಿದೆಯಾ?

ಅಮ್ಮ ಸತ್ತ ಮೇಲೆ ನೀನು ಬರೆದ ಮೊದಲ ಪುಸ್ತಕ ಇದು. ಅವಳಿದ್ದಿದ್ದರೆ ಹನ್ನೊಂದನೆಯ ಅಧ್ಯಾಯ ಅವಳ ಮುಂದೆ ಪಾಸಾಗುತ್ತಿರಲಿಲ್ಲ.

ನೀನು ಒಂದು ಪುಟ ಕೊಟ್ಟೆ ಎನ್ನುತ್ತೀಯ. ನನಗೆ ಆವತ್ತು ಏನು ಕೊಟ್ಟರು ಎಂದು ನಿನಗೆ ನೆನಪಿದೆಯಾ? ಬೆಳಗಾದರೆ ಬುಧವಾರ, ಹೆಸರಿಡಬೇಕಿದ್ದ ದಿನ. ಮಗುವನ್ನು ಹಿತ್ತಲಾಚೆ ಮಣ್ಣು ಮಾಡಿ ಬಂದ ಹೆಂಗಸರು ನನಗೆ ಸ್ನಾನ ಮಾಡಿಸಿ ಸಂಭ್ರಮಕ್ಕೆ ಉಡುವ ಬಿಳಿ ಬಟ್ಟೆ ಉಡಿಸಿದರು. ಕುತ್ತಿಗೆಗೆ ಪೌಡರ್ ಹಚ್ಚಿದರು. ಮುಂದೆ ಕಡಲೆಕಾಯಿ ಸಾರು ಇಟ್ಟರು. ಅದರಲ್ಲಿ ಕೋಳಿಯ ತೊಡೆ ಬೇರೆ. "ಎಂಟು ದಿನ ತುಂಬದೇ ಇದ್ದದ್ದು ಮಗು ಅಲ್ಲಮ್ಮ, ಅತಿಥಿ. ಬಂತು, ಮನೆ ಹಿಡಿಸ್ಲಿಲ್ಲ, ಹೋಯ್ತು. ನೀನು ಅತ್ರೆ ಅದಕ್ಕೆ ಮೋಜು, ಮತ್ತೆ ಮತ್ತೆ ಬಂದು ಹೀಗೇ ಮಾಡುತ್ತೆ. ಉಣ್ಣು" ಎಂದರು. ಎದೆಯಲ್ಲಿ ಹಾಲು ಸೋರಿ ಬಿಳಿ ಬಟ್ಟೆ ಒದ್ದೆಯಾಗುತ್ತಿತ್ತು. ನಾನು ಉಂಡೆ, ಎಬೊ. ತಟ್ಟೆ ಖಾಲಿ ಮಾಡಿದೆ. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಇದು ನಿನ್ನ ಪುಸ್ತಕದಲ್ಲಿಲ್ಲ. ಇಡೀ ಪುಸ್ತಕದಲ್ಲಿ ಕಥೆ ಹೇಳುವವನು ಆ ತಾಯಿಯ ತಮ್ಮ. ಪುಟ ಪುಟಕ್ಕೂ ನಾನು, ನಾನು ಎನ್ನುತ್ತಾನೆ. ಹನ್ನೊಂದನೆಯ ಅಧ್ಯಾಯದಲ್ಲಿ ಮಾತ್ರ ಆ ತಮ್ಮ ಎಲ್ಲಿಗೆ ಹೋದ?

ತೆಗೆಸು.

ಎಕುವಾ

*

ಆಕ್ರಾ
29 ಮಾರ್ಚ್ 1986

ಅಕ್ಕ,

ತೆಗೆಸುವುದಿಲ್ಲ. ಅಚ್ಚುಮೊಳೆ ಜೋಡಿಸಲು ಶುರುಮಾಡಿದ್ದಾರೆ ಎಂಬುದು ಒಂದು ಕಾರಣ. ನಿಜವಾದ ಕಾರಣ ಅದಲ್ಲ. ಇವತ್ತು ಅಕ್ಕನಿಗೆ ಬೇಡ ಎಂದು ಒಂದು ಅಧ್ಯಾಯ ತೆಗೆದರೆ, ನಾಳೆ ಸೋದರಮಾವನಿಗೆ ಬೇಡ ಎಂದು ಇನ್ನೊಂದು. ಹಾಗೆ ಬರೆಯುವ ಬದಲು ನಾನು ಬಟ್ಟೆ ಅಂಗಡಿ ಇಡುತ್ತೇನೆ.

ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಬಣ್ಣ ಹಚ್ಚಿಲ್ಲ, ಸುತ್ತಿ ಬಳಸಿ ಹೇಳಿಲ್ಲ. ಹೆಸರಿಡುವ ದಿನಕ್ಕೆ ಮೊದಲೇ ನೀನು ಅವಳನ್ನು ಹೆಸರು ಹಿಡಿದು ಕರೆದದ್ದು ನಿಜ. ನೀನೇ ನನ್ನ ಮುಂದೆ ಅತ್ತುಕೊಂಡು ಹೇಳಿದ್ದೆ: "ನಾನು ಕರೆದೆ ಎಬೊ, ಅದಕ್ಕೇ ಹೋಯ್ತು." ನಿನ್ನ ಮಾತನ್ನೇ ಬರೆದಿದ್ದೇನೆ. ಅದರಲ್ಲಿ ಸುಳ್ಳು ಯಾವುದು? ಐದು ವಾಕ್ಯಗಳಿವೆ ಎಂದು ನೀನೇ ಎಣಿಸಿದ್ದೀಯ. ಒಂದು ಸುಳ್ಳು ವಾಕ್ಯ ತೋರಿಸು, ಇಡೀ ಅಧ್ಯಾಯ ಹರಿದು ಹಾಕುತ್ತೇನೆ.

ಎಬೊ ಗ್ಯೆಪಿ

*

ಅನೊಮಾಬೊ
6 ಏಪ್ರಿಲ್ 1986

ಎಬೊ ಗ್ಯೆಪಿಯವರೇ,

ಪೂರ್ತಿ ಹೆಸರು ಹಾಕಿ ಸಹಿ ಮಾಡಿದ್ದೀರಿ, ದೊಡ್ಡವರು. ವಾಕ್ಯ ತೋರಿಸು ಎಂದಿರಿ. ತೋರಿಸುತ್ತೇನೆ. ನಾಲ್ಕನೆಯದು.

ನರ್ಸ್ ತಡವಾಗಿ ಬರಲಿಲ್ಲ. ನೀನು ತಡವಾಗಿ ಹೋದೆ.

ಇದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೆ, ಅಲ್ಲವೇ? ಇಪ್ಪತ್ತಾರು ವರ್ಷದಿಂದ ಗೊತ್ತು. 1960ರಲ್ಲಿ ಸಾಲ್ಟ್‌ಪಾಂಡಿನಲ್ಲಿ ಯಾರದೋ ಮದುವೆ. ನರ್ಸ್ ಡಾಜಿ ಬಂದಿದ್ದಳು, ಆಗಲೇ ಮುದುಕಿ. ನನ್ನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. "ನಿನ್ನ ತಮ್ಮ ದೊಡ್ಡ ಬರಹಗಾರ ಆದ್ನಂತೆ. ಆವತ್ತೇ ಅಂದ್ಕೊಂಡೆ. ಅವತ್ತು ಮಂಗಳವಾರ, ಯಾರೂ ಕಡಲಿಗೆ ಇಳಿಯೋ ದಿನ ಅಲ್ಲ, ನಾನೂ ಮನೇಲೇ ಇದ್ದೆ. ದೀಪ ಹಚ್ಚೋ ಹೊತ್ತಿಗೆ ಸೈಕಲ್‌ನಲ್ಲಿ ಬಂದ. ಕೈಯಲ್ಲಿ ಹರಿದ ಪೇಪರ್, ಹಿಂದೆ ಅಂಟು ಮೆತ್ತಿತ್ತು. 'ಸಿಸ್ಟರ್, ನನ್ನ ಕಥೆಗೆ ಬಹುಮಾನ ಬಂದಿದೆ' ಅಂದ. ಆಮೇಲೆ ಮಗು ವಿಷಯ ಹೇಳಿದ" ಎಂದಳು.

ಅಮ್ಮ ನಿನ್ನನ್ನು ಕಳಿಸಿದ್ದು ಮಧ್ಯಾಹ್ನದ ಊಟವಾದ ಕೂಡಲೇ. ನರ್ಸ್ ಮನೆಗೆ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಕೇಳಿದೆ: "ಅವನು ಬೇಗ ಬಂದಿದ್ರೆ?" "ಗೊತ್ತಿಲ್ಲಮ್ಮ. ಉಳೀತಿತ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಉಳೀತಿರ್ಲಿಲ್ಲ ಅಂದ್ರೂ ಸುಳ್ಳೇ" ಎಂದಳು.

ನೀನು ತಡಮಾಡಿದ್ದಕ್ಕೆ ನನಗೆ ಇಷ್ಟು ಕೋಪವಿಲ್ಲ. ನಿನಗೆ ಹದಿನಾರು ವರ್ಷ. ಪೇಪರಿನಲ್ಲಿ ಹೆಸರು ಬಂದರೆ ಆ ವಯಸ್ಸಿನಲ್ಲಿ ಯಾರಿಗಾದರೂ ತಲೆ ತಿರುಗುತ್ತದೆ. ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ. "ನಾನು ಕರೆದೆ, ಅದಕ್ಕೇ ಹೋಯ್ತು" ಎಂದು ನಾನು ಅತ್ತಾಗ ನೀನು ಎದುರಿಗೆ ಕೂತಿದ್ದೆ. ಆಗಲೇ ನಿನಗೆ ಎಲ್ಲವೂ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂಬತ್ತು ವರ್ಷ ನನ್ನ ಬಾಯಿಯೇ ನನ್ನ ಮಗಳನ್ನು ತಿಂದಿತು ಎಂದುಕೊಂಡು ಬದುಕಿದೆ. ಆಮೇಲೆ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೂ ಎಂಟು ದಿನ ಮುಗಿಯುವವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲು ಕುಡಿಸಿದೆ. ನೀನು ರಜೆಗೆ ಬಂದಾಗ ನೋಡಿದ್ದೀಯ. ನೋಡಿ ಸುಮ್ಮನಿದ್ದೆ.

ನಾನು ಸುಮ್ಮನಿದ್ದದ್ದು ಅಮ್ಮನಿಗಾಗಿ. ಅವಳಿಗೆ ನೀನೆಂದರೆ ಪ್ರಾಣ. ಅವಳು ಹೋದ ಮೇಲಾದರೂ ನೀನು ಬಾಯಿ ಬಿಡುತ್ತೀಯ ಎಂದು ಕಾದೆ. ಬಿಟ್ಟೆಯಲ್ಲ, ಹೀಗೆ. ಪುಸ್ತಕ ಬರೆದು, ಅದೇ ಸುಳ್ಳನ್ನು ಐದು ಒಳ್ಳೆಯ ವಾಕ್ಯಗಳಲ್ಲಿ ಕೂರಿಸಿ, ನನ್ನ ತಲೆಗೆ ಕಟ್ಟಿದೆ.

ನಿನ್ನ ಬರಹ ಸರಳವಲ್ಲ ಎಬೊ. ಸರಳವಾಗಿದ್ದರೆ ಇದೂ ಅದರಲ್ಲಿರುತ್ತಿತ್ತು.

ಈಗ ಕೇಳು. ಅಧ್ಯಾಯ ತೆಗೆಸು ಎಂದು ಇನ್ನು ಹೇಳುವುದಿಲ್ಲ. ನನ್ನನ್ನು ಅದರಿಂದ ತೆಗೆ, ಇಲ್ಲವೇ ನಿನ್ನನ್ನು ಅದರಲ್ಲಿ ಹಾಕು. ಎರಡರಲ್ಲಿ ಒಂದು.

ಎಕುವಾ

*

ಅನೊಮಾಬೊ
1 ಜುಲೈ 1986

ಎಬೊ,

ಮೂರು ತಿಂಗಳಾಯಿತು. ಅಂಚೆಯವನು ನನ್ನ ಮನೆ ಮುಂದೆ ಬಂದರೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಜಾಣ ಕಿವುಡು ನಿನಗೆ ಚಿಕ್ಕಂದಿನಿಂದ ಇದೆ.

ಒಂದು ಸುದ್ದಿ ತಿಳಿಸಿ ಬಿಡುತ್ತೇನೆ. ಪಠ್ಯವೆಂದು ಗೊತ್ತಾದ ಮೇಲೆ ಹಳೆಯ ಪ್ರತಿಗಳು ಊರಲ್ಲಿ ಕೈಯಿಂದ ಕೈಗೆ ಓಡಾಡುತ್ತಿವೆ. ಮೀನು ಮಾರುವ ಅದ್ವೊವಾ ಮೊನ್ನೆ ಎಲ್ಲರ ಮುಂದೆ ಕೇಳಿದಳು: "ಟೀಚರಮ್ಮ, ನನ್ನ ಮಗಳು ಓದ್ತಾ ಇದ್ಲು, ಆ ದಿನಕ್ಕೆ ಮುಂಚೆ ಹೆಸರು ಕರೆದೋಳು ನೀವೇನಾ?" ಅವಳಿಗೆ ಕೇಡು ಬುದ್ಧಿಯಿಲ್ಲ, ಸುಮ್ಮನೆ ಕೇಳಿದಳು. ನಾನು ಮೀನನ್ನೂ ತೆಗೆದುಕೊಳ್ಳದೆ ಬಂದೆ.

ನಿನ್ನೆ ಪಕ್ಕದ ಮನೆಯ ಸೊಸೆಗೆ ಹೆರಿಗೆಯಾದ ಮೂರನೆಯ ದಿನ. ಆ ಹುಡುಗಿಗೆ ಎ ಬಿ ಸಿ ಕಲಿಸಿದವಳು ನಾನು. ಸೋಪು, ಮಗುವಿಗೆ ಬಟ್ಟೆ ತೆಗೆದುಕೊಂಡು ಹೋದೆ. ಮಗುವಿನ ಕಡೆ ಕೈ ಚಾಚಿದೆ. ಅತ್ತೆ ನಡುವೆ ಬಂದು ಮಗುವಿನ ಮುಖಕ್ಕೆ ಬಟ್ಟೆ ಎಳೆದಳು. "ಎಂಟು ದಿನ ಆಗ್ಲಿ ಟೀಚರ್, ಆಮೇಲೆ ಎತ್ಕೊಳ್ಳಿ. ತಪ್ಪು ತಿಳ್ಕೋಬೇಡಿ" ಎಂದಳು. ನನಗೆ ಕುರ್ಚಿ ಹಾಕಿದಳು, ಕುಡಿಯಲು ನೀರು ಕೊಟ್ಟಳು. ಬಹಳ ಮರ್ಯಾದೆಯಾಗಿ ನಡೆದುಕೊಂಡಳು.

ಈ ಊರಿನಲ್ಲಿ ನಾನು ಇನ್ನೂ ಬದುಕಬೇಕು. ನೀನು ಆಕ್ರಾದಲ್ಲಿದ್ದೀಯ.

ಎಕುವಾ

*

ಆಕ್ರಾ
19 ಜುಲೈ 1986

ಅಕ್ಕ,

ಮೂರು ತಿಂಗಳಲ್ಲಿ ಹದಿನಾರು ಸಲ ಬರೆದು ಹರಿದೆ, ಇದು ಹದಿನೇಳನೆಯದು. ಮೊದಲ ಹದಿನಾರರಲ್ಲಿ ನಿನಗೆ ಉತ್ತರ ಕೊಟ್ಟಿದ್ದೆ, ಅಂದರೆ ಜಗಳವಾಡಿದ್ದೆ. ನಿನ್ನ ಮೇಲೆ, ಸತ್ತುಹೋದ ಆ ನರ್ಸ್ ಮೇಲೆ ಸಿಟ್ಟು. ಪಕ್ಕದ ಮನೆಯ ಮಗುವಿನ ಸುದ್ದಿ ಓದಿದ ಮೇಲೆ ಜಗಳವಾಡುವ ಮುಖ ಉಳಿಯಲಿಲ್ಲ.

ನೀನು ಅತ್ತುಕೊಂಡು ಆ ಮಾತು ಹೇಳಿದಾಗ ನಾನು ಬಾಯಿ ತೆರೆದಿದ್ದೆ. ಹೇಳಬೇಕೆಂದೇ ತೆರೆದೆ. ಅಷ್ಟರಲ್ಲಿ ನನಗೆ ಹೊಳೆಯಿತು, ಇವಳಿಗೆ ಒಂದು ಕಾರಣ ಸಿಕ್ಕಿಬಿಟ್ಟಿದೆ, ಇನ್ನು ಯಾರೂ ನನ್ನನ್ನು ಕೇಳುವುದಿಲ್ಲ ಎಂದು. ಬಾಯಿ ಮುಚ್ಚಿಕೊಂಡೆ. ನನಗೆ ಆಗ ಸಮಾಧಾನವಾಯಿತು, ಅಕ್ಕ. ಅದನ್ನೂ ಹೇಳಿಬಿಡುತ್ತೇನೆ.

ಚಿಕ್ಕ ವಾಕ್ಯ ಬರೆಯಲು ಕಲಿಸಿದ್ದು ಅಮ್ಮ. ಚಿಕ್ಕ ವಾಕ್ಯದ ಹಿಂದೆ ಅಡಗಿ ಕೂರಬಹುದು ಎಂದು ನಾನಾಗಿಯೇ ಕಲಿತೆ. ಅದನ್ನು ಯಾವ ಸಭೆಯಲ್ಲೂ ಹೇಳಿಲ್ಲ.

ಪ್ರಕಾಶಕ ಕೂಗಾಡಿದ. "ಜೋಡಿಸಿದ ಪುಟ ಒಡೀಬೇಕು, ಅದೂ ಎಲ್ಲರೂ ಹೊಗಳಿದ ಪುಟ. ನಿಮಗೆ ತಲೆ ಸರಿ ಇದೆಯಾ?" ಎಂದ. ಇಲ್ಲ ಎಂದೆ. ಹೊಸ ಪುಟ ಇದು:

"ಏಳನೆಯ ದಿನ ಮಧ್ಯಾಹ್ನ ಎಸಾಬಾಗೆ ಜ್ವರ ಬಂತು. ಅಮ್ಮ ನನಗೆ ಸೈಕಲ್ ಕೊಟ್ಟು ನರ್ಸನ್ನು ಕರೆದುಕೊಂಡು ಬಾ ಎಂದಳು. ಅಂಚೆ ಕಚೇರಿಯ ಗೋಡೆಗೆ ಪತ್ರಿಕೆ ಅಂಟಿಸಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಗೋಡೆಯಿಂದ ಕಿತ್ತುಕೊಂಡೆ. ಮೇಷ್ಟರಿಗೆ ತೋರಿಸಲು ಹೋದೆ. ಮೇಷ್ಟರು ಕೂರಿಸಿ ಚಹಾ ಕೊಟ್ಟರು. ಕುಡಿದೆ. ಇನ್ನೊಂದು ಲೋಟ ಬೇಕಾ ಎಂದರು. ಅದನ್ನೂ ಕುಡಿದೆ. ಆಮೇಲೆ ನರ್ಸ್ ಮನೆಗೆ ಹೋದೆ. ಅವಳು ಕೂಡಲೇ ಹೊರಟಳು. ನಾವು ಬರುವಷ್ಟರಲ್ಲಿ ಎಸಾಬಾ ಹೋಗಿದ್ದಳು. ದಿನಕ್ಕೆ ಮೊದಲೇ ಹೆಸರು ಕರೆದದ್ದರಿಂದ ಹೀಗಾಯಿತು ಎಂದು ನನ್ನ ಅಕ್ಕ ಅತ್ತಳು. ನಾನು ಎದುರಿಗೆ ಕೂತಿದ್ದೆ. ಹೇಳಲಿಲ್ಲ."

ಬಿಳಿ ಬಟ್ಟೆ ಮತ್ತು ಸಾರಿನ ವಿಷಯ ನಿನ್ನದು. ಅದನ್ನು ಮುಟ್ಟಿಲ್ಲ.

ಎಸಾಬಾ ಎಂಬ ಹೆಸರು ಇರಲೇ, ತೆಗೆಯಲೇ? ಈ ತಿಂಗಳ ಕೊನೆಯೊಳಗೆ ತಿಳಿಸು. ನೀನು ಹೇಳಿದ ಹಾಗೆ.

ಎಬೊ

*

ಅನೊಮಾಬೊ
17 ಅಕ್ಟೋಬರ್ 1986

ಎಬೊ,

"ಹೆಸರು ಇರಲಿ" ಎಂದು ತಂತಿ ಕಳಿಸಿ ಸುಮ್ಮನಾಗಿದ್ದೆ. ಹೆಚ್ಚಿಗೆ ಬರೆಯಲು ಮನಸ್ಸಾಗಲಿಲ್ಲ. ಈಗಲೂ ನನ್ನ ಕೋಪ ಇಳಿದಿಲ್ಲ. ಒಂದು ಪುಟ ತಿದ್ದಿದ್ದಕ್ಕೆ ಮೂವತ್ತೈದು ವರ್ಷ ಸರಿಹೋಯಿತು ಎಂದುಕೊಳ್ಳಬೇಡ. ಎರಡನೆಯ ಲೋಟ ಚಹಾದ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಓದಿದ ದಿನ ನಿನ್ನ ಫೋಟೋವನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿದೆ. ಅದು ಅಲ್ಲೇ ಇದೆ.

ಪುಸ್ತಕಗಳು ಕಳೆದ ವಾರ ಬಂದವು. ಇವತ್ತು ಹನ್ನೊಂದನೆಯ ಅಧ್ಯಾಯ. ನಾನು ಓದಲಿಲ್ಲ, ಹುಡುಗಿಯರಿಂದ ಓದಿಸಿದೆ. ಒಬ್ಬಳು ಒಂದು ಸಾಲು, ಇನ್ನೊಬ್ಬಳು ಇನ್ನೊಂದು ಸಾಲು. ಎಸಾಬಾ ಎಂದು ಅವರು ಗಟ್ಟಿಯಾಗಿ ಓದಿದರು. ಆ ಹೆಸರನ್ನು ಬೇರೆಯವರ ಬಾಯಿಂದ ನಾನು ಕೇಳಿದ್ದು ಇದೇ ಮೊದಲು. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತೆ.

ಆಮೇಲೆ ಅದ್ವೊವಾಳ ಮಗಳು ಎದ್ದು ನಿಂತಳು. "ಟೀಚರ್, ಹಾಗಾದ್ರೆ ಆ ಅಮ್ಮನ ತಪ್ಪು ಏನೂ ಇಲ್ವಲ್ಲ" ಎಂದಳು. ನಾನು ಇಲ್ಲ ಎಂದೆ. ಇಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೂ ಮೊದಲು.

ಅಷ್ಟಕ್ಕೆ ಬಿಡಲಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಕೇಳಿದಳು: "ಆ ತಮ್ಮ ಕೊನೆಗಾದ್ರೂ ಅಕ್ಕನ ಮುಂದೆ ಬಂದು ಹೇಳಿದ್ನಾ?" ಅದು ಪುಸ್ತಕದಲ್ಲಿಲ್ಲ ಎಂದೆ. "ಪುಸ್ತಕದಲ್ಲಿಲ್ಲ ಟೀಚರ್, ನಿಮಗೆ ಗೊತ್ತಿರ್ಬೇಕಲ್ಲ" ಎಂದಳು. ನಲವತ್ತೆರಡು ಹುಡುಗಿಯರೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಅಕ್ಕ ನಾನೇ ಎಂದು ಒಬ್ಬಳಿಗೂ ಗೊತ್ತಿಲ್ಲದೆ ಇರಲಿಲ್ಲ.

ಸೋಮವಾರ ಹೇಳುತ್ತೇನೆ ಎಂದು ಗಂಟೆ ಹೊಡೆಯುವ ಮೊದಲೇ ಕಳಿಸಿಬಿಟ್ಟೆ.

ಈ ಪತ್ರವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ನಿನಗೆ ಸಿಗುತ್ತದೆ. ಶನಿವಾರವಿದೆ, ಭಾನುವಾರವಿದೆ. ಉತ್ತರ ಬರೆಯಬೇಡ. ಬಾ.

ಅಕ್ಕ